ದೊಡ್ಡ ಡ್ರಮ್ಮಿನ ಎರಡು ಏಟು

ನಮ್ಮ ಬ್ಯಾಂಡಿನ ಇತಿಹಾಸವನ್ನು ನಾನು ಎಷ್ಟೋ ವೇದಿಕೆಗಳ ಮೇಲೆ ಹೇಳಲು ಶುರು ಮಾಡಿದ್ದೇನೆ. ಮುಗಿಸಲು ಯಾರೂ ಬಿಟ್ಟಿಲ್ಲ. ಬಹಮನಿ ಸುಲ್ತಾನರ ಕೋಟೆಯ ನಗಾರಿಯಿಂದ ಹೊರಟು ನಿಜಾಮರ ಪಲ್ಟನ್ನಿನ ಕಹಳೆಯ ಹತ್ತಿರ ಬರುವಷ್ಟರಲ್ಲಿ ಯಾರಾದರೂ ಹಿಂದಿನಿಂದ ಅಂಗಿ ಜಗ್ಗುತ್ತಾರೆ. ಬರೆಯುವಾಗ ಅಂಗಿ ಜಗ್ಗುವವರಿಲ್ಲ ಎಂಬ ಧೈರ್ಯದಿಂದ ಕುಳಿತಿದ್ದೇನೆ. ಆದರೂ ಸುಲ್ತಾನರನ್ನು ಇಲ್ಲಿಗೇ ಬಿಡುತ್ತೇನೆ. ಅವರಿಗೂ ನಮ್ಮ ಬ್ಯಾಂಡಿಗೂ ಇರುವ ಸಂಬಂಧ ನಮ್ಮ ದೊಡ್ಡ ಡ್ರಮ್ ಬಾರಿಸುವವರ ಮನೆ ಕೋಟೆಯ ಬಾಜೂಕಿದೆ ಎನ್ನುವುದಷ್ಟೇ.

ನಮ್ಮದು ಮಾಜಿ ಸೈನಿಕರ ಬ್ಯಾಂಡು. ಫೌಜಿನ ಬೇರೆ ಬೇರೆ ಪಲ್ಟನ್ನುಗಳಲ್ಲಿ ಊದಿ, ಬಾರಿಸಿ, ಪೆನ್ಶನ್ ಹಿಡಿದುಕೊಂಡು ಕಲಬುರಗಿಗೆ ಮರಳಿದವರು ನಾವು. ವಾರವೆಲ್ಲ ಒಬ್ಬ ಬ್ಯಾಂಕಿನ ಬಾಗಿಲಲ್ಲಿ, ಇನ್ನೊಬ್ಬ ಆಸ್ಪತ್ರೆಯ ಗೇಟಿನಲ್ಲಿ, ಮತ್ತೊಬ್ಬ ಎಟಿಎಮ್ಮಿನ ತಂಪಿನಲ್ಲಿ ಕಾವಲು ನಿಲ್ಲುತ್ತೇವೆ. ಭಾನುವಾರ ಶರಣಸಿರಸಗಿಯ ಹೊಸ ಲೇಔಟಿನಲ್ಲಿ, ಇನ್ನೂ ಮನೆ ಏಳದ ಒಂದು ಪ್ಲಾಟಿನ ತಗಡಿನ ಶೆಡ್ಡಿನಲ್ಲಿ ಸೇರುತ್ತೇವೆ. ಅಕ್ಕಪಕ್ಕದ ಪ್ಲಾಟುಗಳಲ್ಲಿ ಮನೆ ಎದ್ದ ಮೇಲೆ ನಮ್ಮ ಗತಿ ಏನೆಂದು ಯಾರೂ ಯೋಚಿಸಿಲ್ಲ. ಈಗಿರುವ ಒಂದೇ ಮನೆಯವರು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ಎಲ್ಲಿಗೋ ಹೋಗುತ್ತಾರೆ. ಅವರಿಗೆ ಬೀಗರು ಬಹಳ ಜನ ಇರಬೇಕೆಂದು ನಾನು ಮೊದಲು ತಿಳಿದಿದ್ದೆ.

ಬ್ಯಾಂಡು ಹುಟ್ಟಿದ್ದು ಒಂದು ಆಗಸ್ಟ್ ಹದಿನೈದರಂದು. ಮಾಜಿ ಸೈನಿಕರು ಧ್ವಜ ಹಾರಿಸಲು ಸೇರಿದ್ದೆವು. ಧ್ವಜ ಏರಿತು, ಸ್ಪೀಕರ್ ಮಾತ್ರ ಬಾಯಿ ಬಿಡಲಿಲ್ಲ. ಎಲ್ಲರೂ ಸೆಲ್ಯೂಟ್ ಹೊಡೆದು ನಿಂತೇ ಇದ್ದೇವೆ, ಕೈ ಇಳಿಸುವಂತಿಲ್ಲ. ಆಗ ನಿವೃತ್ತ ಸುಬೇದಾರ್ ಸಾಹೇಬರು, ಹಿಂದೆ ಪಲ್ಟನ್ನಿನಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದವರು, ಸ್ಕೂಟರಿನ ಡಿಕ್ಕಿ ತೆಗೆದು ಕಾರ್ನೆಟ್ ಎಂಬ ಗಿಡ್ಡ ಕಹಳೆಯೊಂದನ್ನು ಹೊರತೆಗೆದರು. ಪೆನ್ಶನ್ ಬಂದ ಮೇಲೂ ಅದನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಏಕೆ ತಿರುಗುತ್ತಿದ್ದರೋ ಅವರ ಹೆಂಡತಿಗೂ ಗೊತ್ತಿರಲಿಲ್ಲ. ಅವರೊಬ್ಬರೇ ರಾಷ್ಟ್ರಗೀತೆ ಊದಿದರು. ಮುಗಿದ ಮೇಲೆ ನಾನು ಹೋಗಿ, "ಸಾಹೇಬ್ರ, ನಾನೂ ಕಾರ್ನೆಟ್‌ನವ" ಎಂದೆ. ಇನ್ನೊಬ್ಬ ಬಂದು ತಾನು ಟ್ರಂಬೋನ್ ಎಂದ. ದೊಡ್ಡ ಮೀಸೆಯ, ದೊಡ್ಡ ಹೊಟ್ಟೆಯ ನಿವೃತ್ತ ಹವಾಲ್ದಾರರೊಬ್ಬರು ಜನರನ್ನು ಸರಿಸಿಕೊಂಡು ಬಂದು, "ನಾ ಇಲ್ದ ಇವರೆಲ್ಲಾ ಎಲ್ಲಿ ನಡೀತಾರ್ರಿ? ದೊಡ್ಡ ಡ್ರಮ್ ನಂದು" ಎಂದರು. ಅವರೇ ಕೋಟೆಯ ಬಾಜೂಕಿನವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ.

ವಾದ್ಯಗಳು ಸಿಕ್ಕಿದ್ದು ಮದುವೆ ಬ್ಯಾಂಡುಗಳಿಂದ. ಡಿ.ಜೆ. ಬಂದ ಮೇಲೆ ಅವು ಮೂಲೆ ಸೇರಿದ್ದವು. ನನ್ನ ಊರು ಕಮಲಾಪುರ. ಅಪ್ಪ ಅಲ್ಲಿಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಮ್ಮನ್ನೆಲ್ಲ ಸಾಕಿದವನು. ಅವನ ಬ್ಯಾಂಡಿನ ಹಿತ್ತಾಳೆ ಸಾಮಾನೆಲ್ಲ ನಮ್ಮ ಶೆಡ್ಡಿಗೆ ಬಂತು. ಕ್ಲಾರಿನೆಟ್ ಮಾತ್ರ ಅವನು ಕೊಡಲಿಲ್ಲ. "ಅದು ಹಲ್ಲಿದ್ದಂಗ. ಬಿದ್ದ ಮ್ಯಾಲೆ ಒಯ್ಯಿ" ಎಂದ.

ನನ್ನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಫೌಜಿನಲ್ಲಿದ್ದುಕೊಂಡೇ ಅಂಚೆಯ ಮೂಲಕ ಬಿ.ಎ. ಕಟ್ಟಿದೆ. ಮೂರು ವರ್ಷದ ಓದು ಎಂಟು ವರ್ಷಕ್ಕೆ ಮುಗಿಯಿತು, ಏಕೆಂದರೆ ಪರೀಕ್ಷೆ ಬಂದಾಗಲೆಲ್ಲ ಪಲ್ಟನ್ ಊರು ಬದಲಿಸುತ್ತಿತ್ತು. ಕೆಲವು ಸಲ ಪಲ್ಟನ್ ಇದ್ದಲ್ಲೇ ಇರುತ್ತಿತ್ತು, ನಾನೇ ಫೇಲಾಗುತ್ತಿದ್ದೆ. ಸೊಳ್ಳೆಪರದೆಯೊಳಗೆ ಬ್ಯಾಟರಿ ಹಚ್ಚಿ ಓದಿದ ಆ ಡಿಗ್ರಿಯನ್ನು ನಾನು ಸುಮ್ಮನೆ ಪೆಟ್ಟಿಗೆಯಲ್ಲಿ ಇಟ್ಟವನಲ್ಲ. ಮನೆಯ ಬಾಗಿಲಿನ ಫಲಕದಲ್ಲಿದೆ, ಮಗಳ ಲಗ್ನಪತ್ರಿಕೆಯಲ್ಲಿತ್ತು. ಬ್ಯಾಂಕಿನ ಬಾಗಿಲಲ್ಲಿ ನಿಂತಾಗ ಯಾರಾದರೂ ಚಲನ್ ತುಂಬಿಕೊಡಿ ಎಂದು ಕೇಳಿದರೆ ಮೊದಲು ಡಿಗ್ರಿಯ ಸುದ್ದಿ ಹೇಳಿ ಆಮೇಲೆ ತುಂಬಿಕೊಡುತ್ತೇನೆ. ಒಬ್ಬ ಮುದುಕಿ, "ಇರ್ಲಿ ಬಿಡಪಾ, ಬ್ಯಾರೆ ಯಾರ್ಗರ ಕೇಳ್ತೀನಿ" ಎಂದು ಹೋದದ್ದೂ ಉಂಟು.

ಹೀಗಿರುವಾಗ ಸುಬೇದಾರ್ ಸಾಹೇಬರು ಮಗಳ ಮನೆಗೆ ಸೊಲ್ಲಾಪುರಕ್ಕೆ ಹೋಗಿ ನೆಲೆಸುವುದಾಯಿತು. ಹೋಗುವ ಭಾನುವಾರ ತಮ್ಮ ಬ್ಯಾಟನ್ನನ್ನು, ಅಂದರೆ ಮಾಸ್ಟರ್ ಬೀಸುವ ಆ ಸಣ್ಣ ಬಿಳಿ ಕೋಲನ್ನು, ನನ್ನ ಕೈಗಿಟ್ಟರು. ನಾನು ಅಟೆನ್ಷನ್‌ನಲ್ಲಿ ನಿಂತು, ವಿದ್ಯೆಗೆ ಕೊನೆಗೂ ಬೆಲೆ ಬಂತು ಎಂಬರ್ಥದ ನಾಲ್ಕು ಮಾತಾಡಿದೆ. ಸಾಹೇಬರು ಕೇಳಿ ಮುಗಿಸಿ, "ವಿದ್ಯಾ ಇರ್ಲಿ. ನಿನ್ನ ಮುಂದಿನ ಎರಡು ಹಲ್ಲು ತೆಗಿಸಿ ಬಂದೀಯಲ್ಲ, ಇನ್ನ ಕಾರ್ನೆಟ್ ಹೆಂಗ ಊದ್ತಿ? ಊದಾವ್ರನ್ನ ಮುಂದ ನಿಲ್ಲಿಸಿ ನಾ ಯಾಕ ಹಾಳ ಮಾಡ್ಲಿ?" ಎಂದರು.

ಚಾಚಾನಿಗೆ ಇದು ಹಿಡಿಸಲಿಲ್ಲ. ಕೋಲು ತನಗೆ ಬೇಕೆಂದಲ್ಲ. "ನನಗ ಯಾಕ? ನನ್ನ ಕೈಯಾಗ ಆಗ್ಲೇ ಎರಡು ಅವ" ಎಂದರು ಡ್ರಮ್ಮಿನ ಕೋಲುಗಳನ್ನು ಎತ್ತಿ. ಅವರ ತಕರಾರು ಬೇರೆ. ಮಾರ್ಚ್ ಮಾಡುವ ಬ್ಯಾಂಡಿಗೆ ಮಾಸ್ಟರ್ ಏಕೆ ಬೇಕು? ನಡೆಸುವುದು ಡ್ರಮ್ಮು, ನಿಲ್ಲಿಸುವುದೂ ಡ್ರಮ್ಮು. ಫೌಜಿನ ಬ್ಯಾಂಡಿನಲ್ಲಿ ಇದು ನಿಜವೇ. ನಡೆಯುವಾಗ ಹಿಂದಿನ ಸಾಲಿನವನಿಗೆ ಮುಂದಿನವನ ಕುತ್ತಿಗೆ ಬಿಟ್ಟು ಏನೂ ಕಾಣದು. ಹಾಗಾಗಿ ನಿಲ್ಲಿಸಬೇಕಾದಾಗ ದೊಡ್ಡ ಡ್ರಮ್ಮಿನವನು ತಾಳದ ನಡುವೆ ಎರಡು ಗಟ್ಟಿ ಏಟು ಹಾಕುತ್ತಾನೆ. ಧಬ್, ಧಬ್. ಆಡುತ್ತಿರುವ ಸಾಲು ಮುಗಿಯುತ್ತಲೇ ಎಲ್ಲ ವಾದ್ಯಗಳೂ ಒಟ್ಟಿಗೆ ಬಾಯಿಂದ ಕೆಳಗಿಳಿಯುತ್ತವೆ. ಹದಿನೆಂಟು ಇಪ್ಪತ್ತು ವರ್ಷ ದಿನವೂ ಇದನ್ನು ಮಾಡಿದವನಿಗೆ ಆ ಎರಡು ಏಟು ಕಿವಿಯಿಂದ ನೇರ ಕೈಗೆ ಹೋಗುತ್ತವೆ. ನಡುವೆ ತಲೆಯ ಕೆಲಸವೇ ಇಲ್ಲ.

"ಆದ್ರ ಚಾಚಾ, ಇದು ಕುಂತು ನುಡಿಸೋ ಕಾನ್ಸರ್ಟ್ ಬ್ಯಾಂಡ್ ಆಗ್ಬೇಕು. ಇಲ್ಲಿ ಮಾಸ್ಟರ್ ಬೇಕ್ರಿ" ಎಂದೆ ನಾನು.

"ಕುಂತ್ರೇನು, ಕಿವಿ ಮುಚ್ತಾವೇನು?" ಎಂದರು ಚಾಚಾ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಆ ವರ್ಷದ ಆಗಸ್ಟ್ ಹದಿನೈದರ ಸಂಜೆ ಕಮಲಾಪುರದ ಶಾಲೆಯ ಮೈದಾನದಲ್ಲಿ ನಮ್ಮ ಮೊದಲ ಕುಳಿತು ನುಡಿಸುವ ಕಾರ್ಯಕ್ರಮವಿತ್ತು. ಅದು ಚೆನ್ನಾಗಿ ಆದರೆ ಕೋಲು ನನ್ನ ಕೈಯಲ್ಲೇ. ಕೆಟ್ಟರೆ ಬ್ಯಾಂಡು ಡ್ರಮ್ಮಿನ ಮೇಲೆ ನಡೆಯುತ್ತದೆ, ಮಾಸ್ಟರ್ ಹುದ್ದೆಯೇ ಇರುವುದಿಲ್ಲ. ಹಲ್ಲಿಲ್ಲದ ನಾನು ತಾಳ ಹಿಡಿದು, ಚಾಚಾನ ಪಕ್ಕದಲ್ಲಿ ನಿಂತು, ಅವರು ಕಣ್ಸನ್ನೆ ಮಾಡಿದಾಗ ಝಣ್ ಎನಿಸಬೇಕು. ನನ್ನ ಊರು, ಮುಂದಿನ ಸಾಲಿನಲ್ಲಿ ಅಪ್ಪ. ಬಿ.ಎ. ಮಾಡಿ ತಾಳ ಹಿಡಿಯುವುದನ್ನು ನೆನೆದು ನನಗೆ ಊಟ ಸೇರದಾಯಿತು.

ತಾಲೀಮಿನಲ್ಲಿ ನಾನು ಬೀಸಿದ್ದೇ ಬೀಸಿದ್ದು. ರೈಫಲ್ ಪಲ್ಟನ್ನಿನಿಂದ ಬಂದವರು ಎಲ್ಲವನ್ನೂ ಓಡಿಸಿಕೊಂಡು ನುಡಿಸುತ್ತಾರೆ, ಅವರ ಪಲ್ಟನ್ ನಡೆಯುವುದೇ ಹಾಗೆ. ಬೇರೆ ಪಲ್ಟನ್ನಿನವರು ಘನವಾಗಿ ಹೆಜ್ಜೆ ಇಡುವವರು. ಒಂದೇ ಧಾಟಿಯನ್ನು ಕೆಲವರು ಮೊದಲೇ ಮುಗಿಸಿ ಉಳಿದವರಿಗಾಗಿ ಕಾಯುತ್ತಿದ್ದರು. ನಾನು ಸ್ವರಲಿಪಿ ಬರೆದು ಹಂಚಿದೆ. ಆ ಹಾಳೆಗಳನ್ನು ಮರುವಾರ ತಗಡಿನ ಸಂದಿಗೆ ತುರುಕಿದ್ದರು, ಮಳೆ ಸೋರುತ್ತಿತ್ತಂತೆ.

ಅಪ್ಪ ಒಮ್ಮೆ ತಾಲೀಮು ನೋಡಲು ಬಂದ. ಹೋಗುವಾಗ ಕೇಳಿದ, "ಲೇ ತಮ್ಮಾ, ಎಲ್ಲಾರೂ ಊದಾಕತ್ತಾರ. ನೀ ಏನ್ ಮಾಡಾಕತ್ತೀದಿ?"

"ನಡಸಾಕತ್ತೀನಪಾ."

"ಅವ್ರು ನಿನ್ನ ಕಡಿ ನೋಡಾಕತ್ತಿಲ್ಲಲ್ಲೋ."

"ಮನಸ್ಸಿನಾಗ ನೋಡ್ತಾರ."

ಅಪ್ಪ ಚಪ್ಪಲಿ ಮೆಟ್ಟಿ ಬಸ್ಸಿನ ದಾರಿ ಹಿಡಿದ.

ಹದಿನೈದರಂದು ಮಧ್ಯಾಹ್ನವೇ ಕಮಲಾಪುರ ಮುಟ್ಟಿದೆವು. ಬೆಳಿಗ್ಗೆ ಮಳೆ ಬಂದು ಹೋಗಿತ್ತು. ಮೈದಾನದ ಮಣ್ಣು ಬೂಟಿಗೆ ಅಂಟುತ್ತಿತ್ತು. ಹಳದಿ ಬಿಳಿ ಪಟ್ಟೆಯ ಪೆಂಡಾಲಿನ ಕೆಳಗೆ ಹಲಗೆಯ ವೇದಿಕೆ, ಅದರ ಮೇಲೆ ಅರ್ಧ ಚಂದ್ರದಂತೆ ಕುರ್ಚಿಗಳು. ಚಾಚಾ ಡ್ರಮ್ಮಿನೊಂದಿಗೆ ಹಿಂದೆ, ಪರದೆಯ ಹತ್ತಿರ. ನಾನು ಮುಂದೆ. ಆ ದಿನ ಇಸ್ತ್ರಿ ಮಾಡಿದ ಬ್ಲೇಜರು, ಪದಕಗಳು, ಹೊಸದಾಗಿ ಕೂರಿಸಿದ ಎರಡು ಹಲ್ಲು. ಕನ್ನಡಿಯಲ್ಲಿ ನೋಡಿಕೊಂಡಾಗ ಜನ ನನ್ನನ್ನು ನೋಡಲು ಬಂದರೆ ತಪ್ಪಿಲ್ಲ ಅನಿಸಿತು.

ಮೊದಲು ಇತಿಹಾಸ ಹೇಳಿದೆ. ಬಹಮನಿಗಳು ಬಂದರು, ಹೋದರು. ನಿಜಾಮರ ಹತ್ತಿರ ಬಂದಾಗ ಮುಂದಿನ ಸಾಲಿನ ಮಕ್ಕಳು ತಮಗೆ ಕೊಟ್ಟ ಲಾಡು ತಿಂದು ಮುಗಿಸಿ ಪೊಟ್ಟಣದ ಕಾಗದದಲ್ಲಿ ವಿಮಾನ ಮಾಡುತ್ತಿದ್ದರು. ಒಂದು ವಿಮಾನ ನನ್ನ ಪದಕಗಳಿಗೆ ಬಂದು ತಾಗಿತು. ಹಿಂದಿನಿಂದ ಚಾಚಾ, "ಮಿಯಾ, ದೇಶಕ್ಕ ಸ್ವಾತಂತ್ರ್ಯ ಕೊಡ್ಸು ಜಲ್ದಿ" ಎಂದರು. ಕೊಡಿಸಿದೆ.

ಮೊದಲ ಎರಡು ಮಾರ್ಚುಗಳು ಕುಂಟುತ್ತ ಸಾಗಿದವು. ಮೂರನೆಯದು ನಾನು ಬಹಳ ನೆಚ್ಚಿಕೊಂಡಿದ್ದ ಧಾಟಿ. ಸಂಜೆ ಧ್ವಜ ಇಳಿಸುವಾಗ ನುಡಿಸುವಂಥದ್ದು, ಬಹಳ ನಿಧಾನ. ಅದರಲ್ಲಿ ದೊಡ್ಡ ಡ್ರಮ್ಮಿಗೆ ಹೆಚ್ಚು ಕೆಲಸವಿಲ್ಲ. ಚಾಚಾ ಕೈ ಕಟ್ಟಿ ನಿಂತಿರಬೇಕು, ಇದು ನನ್ನ ಕೋಲಿನ ಮೇಲೇ ನಡೆಯಬೇಕು, ಅದಕ್ಕೇ ಆರಿಸಿದ್ದೆ. ಕಣ್ಣು ಅರ್ಧ ಮುಚ್ಚಿ ಶುರು ಮಾಡಿದೆ. ನಿಜಕ್ಕೂ ಚೆನ್ನಾಗಿ ಎದ್ದಿತು. ಯೂಫೋನಿಯಂ ಎಂಬ ದಪ್ಪ ಕೊಳವೆಯ ದನಿ ಕೆಳಗಿನಿಂದ ತುಂಬಿಕೊಂಡು ಬರುತ್ತಿತ್ತು. ಮಕ್ಕಳೂ ಸುಮ್ಮನಾಗಿದ್ದರು.

ಆಗ ವೇದಿಕೆಯ ಹಿಂದಿನಿಂದ ಬಂತು: ಧಬ್, ಧಬ್.

ಸಾಲು ಮುಗಿಯಿತು. ಎಲ್ಲ ವಾದ್ಯಗಳೂ ಒಟ್ಟಿಗೆ ಇಳಿದವು. ಅಷ್ಟು ಒಟ್ಟಿಗೆ ನಾವು ಏನನ್ನೂ ಎಂದೂ ಮಾಡಿರಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಮುಂದಕ್ಕೆ. ನನ್ನ ಕೈ ಮಾತ್ರ ಇನ್ನೂ ಬೀಸುತ್ತಿತ್ತು. ಅರೆಮುಚ್ಚಿದ ಕಣ್ಣು ತೆರೆದು ನೋಡುವ ಹೊತ್ತಿಗೆ ನಾನು ಬರೀ ಗಾಳಿಯನ್ನು ನಡೆಸುತ್ತಿದ್ದೆ.

ಜನ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ನಾನು ತಿರುಗಿ ತಲೆಬಾಗಿದೆ. ಇನ್ನೇನು ಮಾಡಲಿ? ಅಪ್ಪ ಒಬ್ಬನೇ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಿಂದ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ, "ಇನ್ನಾ ಅರ್ಧ ಅದ ಅಲ್ಲೇನೋ?"

ನಾನು ಹಲ್ಲು ಕಚ್ಚಿ ಚಾಚಾನ ಹತ್ತಿರ ಹೋದೆ. "ಯಾಕ ನಿಲ್ಲಿಸಿದ್ರಿ?"

"ನಾ ಎಲ್ಲಿ ನಿಲ್ಲಿಸ್ದೆ? ನನ್ನ ಕೈ ನೋಡು." ಎರಡೂ ಕೋಲು ಡ್ರಮ್ಮಿನ ಮೇಲೆ ಮಲಗಿದ್ದವು. ಅವರ ಕೈಗಳು ಅಟೆನ್ಷನ್‌ನಲ್ಲಿ ತೊಡೆಗೆ ಅಂಟಿದ್ದವು.

"ಮತ್ತ ನೀವ್ಯಾಕ ಅಟೆನ್ಷನ್ ನಿಂತೀರಿ?"

"ಎರಡು ಏಟು ಬಿತ್ತು. ನಿಂತೆ." ಆಮೇಲೆ ಅವರಿಗೇ ಸಿಟ್ಟು ಬಂತು. ಪರದೆಯ ಕಡೆ ತಿರುಗಿ, "ಕೌನ್ ಮಾರಾ ರೇ? ನನ್ನ ಏಟು ಯಾರು ಹೊಡದ್ರಿ?" ಎಂದರು.

ನಮ್ಮವರಿಗೆ ನಡುವಿನಿಂದ ನುಡಿಸಲು ಬರುವುದಿಲ್ಲ. ಬಾಯಿಪಾಠ ಕಲಿತವರು, ನಿಂತರೆ ಮೊದಲಿಂದಲೇ ಬರಬೇಕು. ಮೊದಲಿಂದ ಶುರು ಮಾಡಿದೆ. ಜನರಿಗೆ ಇದು ಎಲ್ಲೋ ಕೇಳಿದಂತಿದೆ ಅನಿಸಿರಬೇಕು. ಸುಮಾರು ಅದೇ ಜಾಗಕ್ಕೆ ಬಂದಾಗ ಮತ್ತೆ ಧಬ್, ಧಬ್. ಮತ್ತೆ ಎಲ್ಲ ಇಳಿಯಿತು. ಈ ಸಲ ಚಪ್ಪಾಳೆ ತೆಳ್ಳಗಿತ್ತು.

ತಾಳದ ತಟ್ಟೆಗಳು ನನ್ನ ಕಣ್ಣ ಮುಂದೆ ಹೊಳೆದವು. ಮಾಸ್ಟರ್ ವೇದಿಕೆ ಬಿಟ್ಟು ಇಳಿಯಬಾರದು, ಇದು ಫೌಜಿನ ನಿಯಮ. ನಾನು ಇಳಿದೆ.

ಪರದೆಯ ಹಿಂದೆ ಪೆಂಡಾಲಿನವರೊಬ್ಬರು ಮೊಣಕಾಲೂರಿ ಕುಳಿತು ದೊಡ್ಡ ಸುತ್ತಿಗೆಯಿಂದ ಗೂಟ ಬಡಿಯುತ್ತಿದ್ದರು. ಹಗ್ಗ ಸಡಿಲಾಗಿ ಪೆಂಡಾಲಿನ ಒಂದು ಮೂಲೆ ಜೋತಿತ್ತು.

"ಯಜಮಾನ್ರ, ಸ್ವಲ್ಪ ನಿಲ್ಲಿಸ್ರಿ. ನಮ್ಮ ಬ್ಯಾಂಡ್ ನಿಂತು ಹೋಗಾಕತ್ತೈತಿ" ಎಂದೆ.

"ನೆಲ ಮೆತ್ತಗ ಆಗ್ಯಾದ್ರಿ, ಗೂಟ ಏಳಾಕತ್ತಾದ. ಬಡೀಲಿಲ್ಲಂದ್ರ ಪೆಂಡಾಲ್ ನಿಮ್ಮ ತಲಿ ಮ್ಯಾಲೇ ಬೀಳ್ತದ. ಯಾವ್ದು ಬೇಕು ಹೇಳ್ರಿ."

"ಹಂಗಾದ್ರ ಮೂರು ಮೂರು ಏಟು ಹೊಡೀರಿ. ಎರಡಕ್ಕ ನಿಲ್ಲಿಸಬ್ಯಾಡ್ರಿ."

ಅವರು ನನ್ನ ಪದಕಗಳನ್ನೂ ಮುಖವನ್ನೂ ನೋಡಿದರು. "ಎರಡು ಹೊಡದ್ರ ದಮ್ ಬರ್ತದ್ರಿ ನನಗ. ಮೂರನೇದು ನೀವ ಹೊಡೀತೀರೇನು?"

ಅದಕ್ಕೂ ಕಾಲ ಮೀರಿತ್ತು. ಗೂಟ ನಮ್ಮ ಕಣ್ಣೆದುರೇ ಮಣ್ಣಿನಿಂದ ಮೇಲೆ ಬಂತು. ನಾನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಬೂಟನ್ನು ಮಣ್ಣಿಗೆ ಊರಿ, ಬ್ಲೇಜರಿನೊಂದಿಗೆ ಕೆಸರಿನಲ್ಲಿ ಕುಳಿತುಬಿಟ್ಟೆ. ಪೆಂಡಾಲಿನವರು ಬೇರೆ ಗೂಟ ತರುತ್ತೇನೆಂದು ಶಾಲೆಯ ಹಿಂದಕ್ಕೆ ಹೋದರು. ಕೋಲನ್ನು ಎಲ್ಲಿಟ್ಟೆನೋ ನೆನಪಿರಲಿಲ್ಲ, ಅದು ನನ್ನ ಬಾಯಲ್ಲೇ ಇತ್ತು. ಉಗುಳಿ ಕೂಗಿದೆ: "ಚಾಚಾ! ಶುರು ಮಾಡ್ರಿ! ನನ್ನ ದಾರಿ ಕಾಯಬ್ಯಾಡ್ರಿ!"

ಆಮೇಲೆ ಆ ನಿಧಾನದ ಧಾಟಿ ಎದ್ದಿತು. ನಾನು ಪರದೆಯ ಹಿಂದಿನಿಂದ, ಒದ್ದೆ ಪ್ಯಾಂಟಿನಲ್ಲಿ ಕುಳಿತು ಕೇಳಿದೆ. ಯಾರೂ ಓಡಲಿಲ್ಲ, ಯಾರೂ ಹಿಂದೆ ಬೀಳಲಿಲ್ಲ. ಒಬ್ಬರನ್ನೊಬ್ಬರು ಕೈ ಹಿಡಿದು ನೀರು ದಾಟಿದ ಹಾಗೆ ದಾಟಿದರು. ನಾನು ಮುಂದೆ ನಿಂತಾಗ ಒಮ್ಮೆಯೂ ಹಾಗೆ ನುಡಿಸಿರಲಿಲ್ಲ. ಸಂತೋಷಪಡಬೇಕೋ ಹೊಟ್ಟೆ ಉರಿಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅಷ್ಟರಲ್ಲಿ ಅಪ್ಪ ನನ್ನನ್ನು ಹುಡುಕಿಕೊಂಡು ಹಿಂದೆ ಬಂದ. ನೋಡಿದ. ಧೋತರ ಎತ್ತಿಕಟ್ಟಿ ನನ್ನ ಪಕ್ಕದಲ್ಲಿ ಹಗ್ಗದ ತುದಿ ಹಿಡಿದು ಕುಳಿತ. ತಲೆ ಓರೆ ಮಾಡಿ ಕೇಳುತ್ತ, "ಎರಡನೇ ಕಾರ್ನೆಟ್‌ನವ ಉಸಿರು ಕಡಿಮಿ ಹಾಕಾಕತ್ತಾನ" ಎಂದ.

"ಹೌದಪಾ, ಅಂವ ಯಾವಾಗ್ಲೂ ಹಂಗೇ." ಹೇಳುತ್ತಲೇ ನನ್ನ ಬಲಗೈ ಹಗ್ಗ ಬಿಟ್ಟು ಗಾಳಿಯಲ್ಲಿ ತಾಳ ಹಾಕತೊಡಗಿತು.

ಅಪ್ಪ ಮಣಿಕಟ್ಟು ಹಿಡಿದು ಕೆಳಗೆ ಎಳೆದ. "ಎರಡೂ ಕೈಲೆ ಹಿಡಿ. ಅಲ್ಲಿ ಮಕ್ಕಳು ಕುಂತಾವ."

ಕೊನೆಯ ಮಾರ್ಚಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂದು ಆಮೇಲೆ ಕೇಳಿದೆ. ನನಗೆ ಕಂಡದ್ದು ಪೆಂಡಾಲಿನ ಬಟ್ಟೆಯ ಹಿಂಬದಿ ಮಾತ್ರ. ಪೆಂಡಾಲಿನವರು ಹೊಸ ಗೂಟ ತಂದಾಗ ಮುಕ್ತಾಯದ ಭಾಷಣ ನಡೆಯುತ್ತಿತ್ತು. ಅದಕ್ಕೆ ಧಬ್ ಧಬ್ ಎಂದು ಬಡಿದರು, ಭಾಷಣ ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ತೀರ್ಮಾನಕ್ಕೆ ಕುಳಿತೆವು. ನಾನು ಕೆಸರು ಮೆತ್ತಿದ ಪ್ಯಾಂಟಿನಿಂದಾಗಿ ನಿಂತೇ ಇದ್ದೆ. ಟ್ರಂಬೋನಿನವನು ಮೊದಲು ಮಾತೆತ್ತಿದ. "ನೋಡ್ರಿ, ಖರೇ ಹೇಳ್ತೀನಿ. ಮಾಸ್ಟರ್ ಇಲ್ದಾಗ ಛಲೋ ಆತು." ಉಳಿದವರು ಚಹಾದ ಲೋಟದೊಳಗೆ ನೋಡಿದರು. ಅವನದು ಸುಳ್ಳಲ್ಲ, ಬೇಕಾದರೆ ನಾನೇ ಸಾಕ್ಷಿ ಹೇಳಬಹುದಿತ್ತು. ಎಲ್ಲರೂ ಚಾಚಾನ ಕಡೆ ತಿರುಗಿದರು.

ಚಾಚಾ ಚಹಾವನ್ನು ಸಾಸರಿಗೆ ಸುರಿದು, ಊದಿ, ನಿಧಾನವಾಗಿ ಕುಡಿದರು. ಇಷ್ಟು ನಿಧಾನವಾಗಿ ಅವರು ಎಂದೂ ಏನನ್ನೂ ಕುಡಿದವರಲ್ಲ.

"ಛಲೋ ಆತು, ಒಪ್ಪಿದೆ" ಎಂದರು. "ಆದ್ರ ನೀವು ಎಲ್ಲಾರೂ ಹಿಂದ ಹೊಳ್ಳಿ ನನ್ನ ಮಾರಿ ನೋಡಾಕತ್ತಿದ್ರಿ. ನಿಮ್ಮ ಸಂಗಾಟ ಇಡೀ ಮೈದಾನ ನೋಡಾಕತ್ತಿತ್ತು. ನನ್ನ ಕಾಲು ನಡುಗಾಕತ್ತಿದ್ವು ಮಿಯಾ. ಡ್ರಮ್ ಅಡ್ಡ ಇತ್ತು, ಅದಕ್ಕ ಯಾರ್ಗೂ ಕಾಣ್ಲಿಲ್ಲ. ಇಷ್ಟು ವರ್ಷ ಬಾರಿಸೀನಿ, ಒಬ್ಬಾಂವ ನನ್ನ ನೋಡಿಲ್ಲ. ನಕ್ಕೋ ಬಾ, ಬ್ಯಾಡ, ನನ್ನಿಂದ ಇದು ಆಗೂದಿಲ್ಲ."

ಚಾಚಾನ ಕಾಲು ನಡುಗಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

"ಮುಂದ ಒಬ್ಬಾಂವ ಬೇಕು" ಎಂದರು ಅವರು. "ಮಂದಿ ಅವನ್ನ ನೋಡ್ಕೋತ ಇರ್ಬೇಕು, ನಾವು ನಮ್ಮ ಕೆಲಸ ಮಾಡ್ಬೇಕು. ಹೆಚ್ಚುಕಮ್ಮಿ ಆದ್ರ ಅಂವ ಬೈಸ್ಕೋಬೇಕು. ಅದಕ್ಕ ಇವನಷ್ಟು ನಾಚಿಕಿ ಕಡಿಮಿ ಇದ್ದಾಂವ ಇನ್ನೊಬ್ಬ ಎಲ್ಲಿ ಸಿಗ್ತಾನ? ಎರಡು ಸಲ ನಿಂತದ್ದಕ್ಕ ಎರಡೂ ಸಲ ಬಾಗಿ ನಮಸ್ಕಾರ ಮಾಡ್ಯಾನ."

ಹೀಗೆ ನಾನು ಬ್ಯಾಂಡ್ ಮಾಸ್ಟರ್ ಆಗಿ ಉಳಿದೆ. ಅಭಿನಂದನೆಗೆ ಉತ್ತರ ಕೊಡಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಎಲ್ಲರೂ ಎದ್ದು ಗಾಡಿಯ ಕಡೆ ಹೋಗಿದ್ದರು. ಉಳಿದವನು ಅಪ್ಪ. ಅವನು ನನ್ನ ಬ್ಲೇಜರಿನ ಹಿಂದಿನ ಕೆಸರನ್ನು ಅಂಗೈಯಿಂದ ಕೆರೆದು ತೆಗೆಯುತ್ತ, "ಒಣಗಿದ ಮ್ಯಾಲೆ ಝಾಡಿಸು, ಈಗ ಒರಸಿದ್ರ ಹರಡ್ತದ" ಎಂದ. ಬ್ಯಾಂಡಿನ ಬಗ್ಗೆ ಅವನು ಹೇಳಿದ್ದು ಅಷ್ಟೇ.

ಆಮೇಲೆ ಚಾಚಾ ಮತ್ತು ನಾನು ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಈಗ ಅವರು ಪರದೆಯ ಹತ್ತಿರ ನಿಲ್ಲುವುದಿಲ್ಲ, ನನಗೆ ನೇರ ಎದುರಿಗೆ ನಿಲ್ಲುತ್ತಾರೆ. ನಾನು ಕೈ ಎತ್ತಿದಾಗ ನನ್ನನ್ನು ನೋಡಲೇಬೇಕು ಎಂಬುದು ಷರತ್ತು. ಚಾಚಾ ಮಾತಿಗೆ ತಪ್ಪುವವರಲ್ಲ. ಪ್ರತಿ ಸಲವೂ ನೋಡುತ್ತಾರೆ, ತಲೆಯನ್ನೂ ಆಡಿಸುತ್ತಾರೆ. ಆಮೇಲೆ ತಮಗೆ ಸರಿ ಕಂಡ ವೇಗದಲ್ಲಿ ಬಾರಿಸಲು ಶುರು ಮಾಡುತ್ತಾರೆ. ನಾನು ಆ ವೇಗವನ್ನೇ ಹಿಡಿದು ಕೋಲು ಬೀಸುತ್ತೇನೆ. ಮುಂದಿನಿಂದ ನೋಡಿದವರಿಗೆ ನಾನೇ ನಡೆಸುತ್ತಿರುವಂತೆ ಕಾಣುತ್ತದಂತೆ.